ಟೋಲ್ ಕಟ್ಟಿದ್ದಾಯಿತು, ಲೆಕ್ಕ ಕೇಳೋರು ಯಾರು?

ಪ್ರಶ್ನೆ: ಸರ್, ನನ್ನದು ಒಂದು ಸಣ್ಣ ಗೂಡ್ಸ್ ಗಾಡಿ. ತರಕಾರಿ ಹೇರಿಕೊಂಡು ವಾರಕ್ಕೆ ಐದು ದಿನ ಹೆದ್ದಾರಿಯಲ್ಲಿ ಓಡಾಡುತ್ತೇನೆ. ರಸ್ತೆ ಅಗೆದು ಹಾಕಿದ್ದ ದಿನಗಳಲ್ಲೂ ಟೋಲ್ ಕಟ್ಟಿದ್ದೇನೆ. ಟೀವಿಯಲ್ಲಿ ಸಂಸತ್ತು ನೋಡಿದರೆ ಬರೀ ಗಲಾಟೆ. ರಸ್ತೆಗೆ, ರೈಲಿಗೆ ಅಂತ ವರ್ಷಕ್ಕೆ ಲಕ್ಷ ಕೋಟಿಗಟ್ಟಲೆ ಹೋಗುತ್ತದೆ. ಅದಕ್ಕೆ ಅಲ್ಲಿ ನಿಜವಾಗಿ ಲೆಕ್ಕ ಕೇಳೋರು ಇದ್ದಾರಾ? ಸಿಎಜಿ ವರದಿ ಬಂದಾಗ ಎರಡು ದಿನ ಸುದ್ದಿ, ಆಮೇಲೆ ಏನೂ ಇಲ್ಲ, ಅಲ್ವಾ?

ಉತ್ತರ: ಇದ್ದಾರೆ. ಆದರೆ ಟೀವಿಯಲ್ಲಿ ಕಾಣುವ ಸಭಾಂಗಣದಲ್ಲಿ ಅವರನ್ನು ಹುಡುಕಿದರೆ ಸಿಗುವುದು ಕಡಿಮೆ. ಲೆಕ್ಕ ಕೇಳುವ ಕೆಲಸ ನಡೆಯುವುದು ಕ್ಯಾಮೆರಾ ಇಲ್ಲದ ಕೋಣೆಗಳಲ್ಲಿ. ಅದೂ ಬಹಳ ಸಲ ದುಡ್ಡು ಖರ್ಚಾಗಿ ಎರಡು ಮೂರು ವರ್ಷ ಕಳೆದ ಮೇಲೆ. ನಿಮಗೆ ಏನೂ ಆಗುತ್ತಿಲ್ಲ ಅನ್ನಿಸುವುದಕ್ಕೆ ಇವೆರಡೂ ಕಾರಣ.

ಮೊದಲು ದುಡ್ಡಿನ ಗಾತ್ರ ನೋಡಿ. 2025-26ರ ಬಜೆಟ್ಟಿನಲ್ಲಿ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯಕ್ಕೆ ಸಿಕ್ಕಿದ್ದು ಸುಮಾರು 2.87 ಲಕ್ಷ ಕೋಟಿ ರೂಪಾಯಿ. ರೈಲ್ವೆಯ ಬಂಡವಾಳ ವೆಚ್ಚಕ್ಕೆ ಖಜಾನೆಯಿಂದ 2.52 ಲಕ್ಷ ಕೋಟಿ. ಲೋಕಸಭೆ ಒಪ್ಪದೆ ಇದರಲ್ಲಿ ಒಂದು ಬಿಡಿಗಾಸೂ ಹೊರಗೆ ಹೋಗುವ ಹಾಗಿಲ್ಲ. ಹಾಗಾಗಿ ಪ್ರತಿ ಸಚಿವಾಲಯವೂ 'ಅನುದಾನ ಬೇಡಿಕೆ', ಅಂದರೆ ನಮಗೆ ಇಷ್ಟು ಹಣ ಬೇಕು ಅನ್ನುವ ಪಟ್ಟಿ, ಹಿಡಿದುಕೊಂಡು ಸದನದ ಮುಂದೆ ಬರಬೇಕು. ಬೇಡಿಕೆ ಇಷ್ಟವಾಗದ ಸದಸ್ಯರು ಕಡಿತ ಸೂಚನೆ ಕೊಡಬಹುದು. ನೀತಿಯೇ ತಪ್ಪು ಅನ್ನಿಸಿದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಅನ್ನುತ್ತಾರೆ. ಒಂದು ನಿರ್ದಿಷ್ಟ ದೂರು ಇದ್ದರೆ 100 ರೂಪಾಯಿ ಕಡಿಮೆ ಮಾಡಿ ಅನ್ನುತ್ತಾರೆ. ಅಂಥ ಸೂಚನೆ ಗೆದ್ದುಬಿಟ್ಟರೆ ಸರ್ಕಾರ ಬಹುಮತ ಕಳೆದುಕೊಂಡ ಹಾಗೆ. ಆದ್ದರಿಂದ ಅದು ಗೆಲ್ಲುವುದಿಲ್ಲ, ಮಾತಾಡುವುದಕ್ಕೆ ಒಂದು ಅವಕಾಶ ಮಾತ್ರ ಕೊಡುತ್ತದೆ.

ಆ ಅವಕಾಶವೂ ಎಲ್ಲ ವರ್ಷ ಇರುವುದಿಲ್ಲ. ಪ್ರತಿ ವರ್ಷ ಕೆಲವೇ ಸಚಿವಾಲಯಗಳ ಬೇಡಿಕೆ ಚರ್ಚೆಗೆ ಬರುತ್ತದೆ. ಕೊನೆಯ ದಿನ ಉಳಿದದ್ದನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಇದಕ್ಕೆ ಗಿಲೋಟಿನ್ ಅಂತಲೇ ಹೆಸರು, ತಲೆ ಕತ್ತರಿಸುವ ಯಂತ್ರದ ಹೆಸರು. 2018ರಲ್ಲಿ ಮತ್ತು 2023ರಲ್ಲಿ ಗಲಾಟೆಯ ನಡುವೆ ಒಂದೇ ಒಂದು ಸಚಿವಾಲಯದ ಬೇಡಿಕೆಯೂ ಚರ್ಚೆಯಾಗಲಿಲ್ಲ. ಪೂರ್ತಿ ಬಜೆಟ್ ಹಾಗೇ ಪಾಸಾಯಿತು. ನೀವು ಟೀವಿಯಲ್ಲಿ ನೋಡಿ ಬೇಜಾರಾಗಿದ್ದು ಇಂಥ ದಿನಗಳನ್ನೇ ಇರಬೇಕು. ಬೇಜಾರು ನ್ಯಾಯವಾದದ್ದೇ.

ಇಲ್ಲಿ ಹಲವರು, 'ರೈಲ್ವೆ ಬಜೆಟ್ ಬೇರೆ ಇದ್ದಾಗ ಚೆನ್ನಾಗಿತ್ತು, ಎರಡು ಮೂರು ದಿನ ಚರ್ಚೆಯಾದರೂ ಆಗುತ್ತಿತ್ತು' ಅನ್ನುತ್ತಾರೆ. 1924ರಿಂದ 2016ರವರೆಗೆ ರೈಲ್ವೆಗೆ ಪ್ರತ್ಯೇಕ ಬಜೆಟ್ ಇತ್ತು. 2017ರಲ್ಲಿ ಅದನ್ನು ಸಾಮಾನ್ಯ ಬಜೆಟ್ಟಿಗೆ ಸೇರಿಸಿದರು. ಚರ್ಚೆ ಕಳೆದುಕೊಂಡೆವು ಅನ್ನುವುದು ನಿಜ. ಆದರೆ ಆ ಚರ್ಚೆಯಲ್ಲಿ ಏನು ನಡೆಯುತ್ತಿತ್ತು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ನಮ್ಮೂರಿಗೆ ಒಂದು ಸ್ಟಾಪ್ ಕೊಡಿ, ನಮ್ಮ ಜಿಲ್ಲೆಗೆ ಒಂದು ಹೊಸ ಮಾರ್ಗ ಕೊಡಿ. ಹೋದ ವರ್ಷ ಕೊಟ್ಟ ಮಾರ್ಗ ಎಲ್ಲಿಗೆ ಬಂತು ಅಂತ ಕೇಳುವವರು ಕಡಿಮೆ. 2014ರ ಜುಲೈನಲ್ಲಿ ನಮ್ಮವರೇ ಆದ ಡಿ.ವಿ. ಸದಾನಂದ ಗೌಡರು ರೈಲ್ವೆ ಬಜೆಟ್ ಮಂಡಿಸುವಾಗ ಒಂದು ಲೆಕ್ಕ ಮುಂದಿಟ್ಟರು. ಹಿಂದಿನ 10 ವರ್ಷಗಳಲ್ಲಿ ಸುಮಾರು 60,000 ಕೋಟಿ ರೂಪಾಯಿಯ 99 ಹೊಸ ಮಾರ್ಗಗಳು ಮಂಜೂರಾಗಿದ್ದವು. ಅವುಗಳಲ್ಲಿ ಮುಗಿದದ್ದು ಒಂದೇ ಒಂದು! ಆ ಹತ್ತು ವರ್ಷವೂ ಸದನದಲ್ಲಿ ರೈಲ್ವೆ ಬಜೆಟ್ ಮೇಲೆ ಚರ್ಚೆ ನಡೆದೇ ಇತ್ತು.

ಕಲಬುರಗಿ–ಬೀದರ್ ಮಾರ್ಗದ ಕಥೆ ಗೊತ್ತಿರಬೇಕು ನಿಮಗೆ. 110 ಕಿಲೋಮೀಟರ್, ಅಷ್ಟೇ. ತೊಂಬತ್ತರ ದಶಕದಲ್ಲಿ ಮಂಜೂರಾದಾಗ ಅಂದಾಜು ಸುಮಾರು 370 ಕೋಟಿ. 2017ರ ಅಕ್ಟೋಬರ್ 29ರಂದು ಉದ್ಘಾಟನೆ ಆಗುವ ಹೊತ್ತಿಗೆ ವೆಚ್ಚ 1,542 ಕೋಟಿ ಮುಟ್ಟಿತ್ತು. ಪ್ರತಿ ವರ್ಷದ ಪಟ್ಟಿಯಲ್ಲಿ ಹೆಸರು ಇರುತ್ತದೆ, ಎದುರಿಗೆ ಒಂದಿಷ್ಟು ದುಡ್ಡು ಇರುತ್ತದೆ, ಕೆಲಸ ಮಾತ್ರ ತೆವಳುತ್ತದೆ. ಯೋಜನೆವಾರು ಹಂಚಿಕೆಯ ಆ ಪಟ್ಟಿಗೆ ರೈಲ್ವೆಯವರು ಪಿಂಕ್ ಬುಕ್ ಅನ್ನುತ್ತಾರೆ. ನಿಮ್ಮ ಭಾಗದ ಹೊಸ ಮಾರ್ಗ ನಿಜವಾಗಿ ಬರುತ್ತದಾ ಇಲ್ಲವಾ ಅಂತ ತಿಳಿಯಬೇಕಿದ್ದರೆ ಭಾಷಣ ಬಿಟ್ಟು ಪಿಂಕ್ ಬುಕ್ ನೋಡಿ. ಸಾವಿರ ಕೋಟಿಯ ಕೆಲಸದ ಎದುರು ಒಂದೆರಡು ಕೋಟಿ ಬರೆದಿದ್ದರೆ, ಅದು ಯೋಜನೆ ಸತ್ತಿಲ್ಲ ಅಂತ ತೋರಿಸುವುದಕ್ಕೆ ಇಟ್ಟ ಕಾಸು.

ಹಾಗಾದರೆ ಕೇಳುವ ಕೆಲಸ ಎಲ್ಲಿ ನಡೆಯುತ್ತದೆ? ಒಂದು ಜಾಗ ಸ್ಥಾಯಿ ಸಮಿತಿ. ಇಲಾಖೆಗೊಂದರಂತೆ ಇವು ಶುರುವಾಗಿದ್ದು 1993ರಲ್ಲಿ. ಈಗ 24 ಇವೆ. ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಮಂತ್ರಿಗಳಿಗೆ ಜಾಗ ಇಲ್ಲ. ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಕೆಲವು ವಾರ ಬಿಡುವು ಕೊಡುತ್ತಾರೆ ನೋಡಿ, ಆಗ ಈ ಸಮಿತಿಗಳು ಅನುದಾನ ಬೇಡಿಕೆಗಳನ್ನು ಹಿಡಿದು ಕೂರುತ್ತವೆ. ಇಲಾಖೆಯ ಕಾರ್ಯದರ್ಶಿ, ರೈಲ್ವೆ ಮಂಡಳಿಯ ಅಧ್ಯಕ್ಷರು ಬಂದು ಉತ್ತರ ಕೊಡಬೇಕು. ಹೋದ ವರ್ಷ ಕೊಟ್ಟದ್ದನ್ನು ಯಾಕೆ ಪೂರ್ತಿ ಖರ್ಚು ಮಾಡಲಿಲ್ಲ? ಗುರಿ ಇಷ್ಟು ಕಿಲೋಮೀಟರ್, ಮಾಡಿದ್ದು ಅಷ್ಟೇ ಯಾಕೆ? ಕ್ಯಾಮೆರಾ ಇಲ್ಲದ ಕಾರಣ ಅಲ್ಲಿ ಪಕ್ಷದ ಗಲಾಟೆ ಕಡಿಮೆ. ಆಡಳಿತ ಪಕ್ಷದವರೂ ಖಾರವಾಗಿ ಕೇಳುತ್ತಾರೆ. ವರದಿ ಓದಿದರೆ ಅದು ಗೊತ್ತಾಗುತ್ತದೆ.

ಆದರೂ ಎರಡು ಕೊರತೆ ಕಾಣುತ್ತವೆ. ನಮ್ಮಲ್ಲಿ ಈ ಸಮಿತಿಗಳ ಮುಂದೆ ಸಾಮಾನ್ಯವಾಗಿ ಅಧಿಕಾರಿಗಳೇ ಬರುತ್ತಾರೆ, ಮಂತ್ರಿ ಬರುವುದಿಲ್ಲ. ಬ್ರಿಟನ್ನಿನಲ್ಲಿ ಸಾರಿಗೆ ಸಮಿತಿ ಮಂತ್ರಿಯನ್ನೇ ಕೂರಿಸಿ ಜನ ನೋಡುವ ಹಾಗೆ ಪ್ರಶ್ನೆ ಕೇಳುತ್ತದೆ. ನೀತಿ ಮಾಡಿದವರು ಒಬ್ಬರು, ಉತ್ತರ ಕೊಡುವವರು ಇನ್ನೊಬ್ಬರು ಆದರೆ ಪ್ರಶ್ನೆಯ ಚೂಪು ಹೋಗುತ್ತದೆ. ಇನ್ನೊಂದು ಕೊರತೆಯ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ರೈಲ್ವೆಯನ್ನು ನೋಡುವುದು ಒಂದು ಸಮಿತಿ. ರಸ್ತೆ, ಬಂದರು, ವಿಮಾನಯಾನವನ್ನು ನೋಡುವುದು ಮತ್ತೊಂದು ಸಮಿತಿ. ಪ್ರವಾಸೋದ್ಯಮ, ಸಂಸ್ಕೃತಿ, ಮ್ಯೂಸಿಯಂಗಳು ಕೂಡ ಅದರ ತಲೆಯ ಮೇಲೇ. ಹಾಗಾಗಿ 'ಈ ಸರಕು ರಸ್ತೆಯಲ್ಲಿ ಹೋಗಬೇಕಾ, ರೈಲಿನಲ್ಲಿ ಹೋಗಬೇಕಾ, ಎರಡಕ್ಕೂ ಪಕ್ಕಪಕ್ಕದಲ್ಲೇ ದುಡ್ಡು ಸುರಿಯುತ್ತಿದ್ದೇವಾ' ಅನ್ನುವ ಪ್ರಶ್ನೆ ಎರಡು ಕೋಣೆಗಳ ನಡುವೆ ಎಲ್ಲೋ ಬಿದ್ದುಹೋಗುತ್ತದೆ.

ಇನ್ನೊಂದು ಜಾಗ ನೀವೇ ಹೆಸರಿಸಿದ ಸಿಎಜಿ, ಅಂದರೆ ಮಹಾಲೇಖಪಾಲರು, ಮತ್ತು ಅವರ ವರದಿ ಹಿಡಿದು ಕೂರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ನಿಮ್ಮ ಟೋಲ್ ವಿಷಯಕ್ಕೆ ಇದೇ ನೇರ ದಾರಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀವು ಯಾವ ಟೋಲ್ ಅಂತ ಬರೆದಿಲ್ಲ, ಅದು ಬೇಕಾಗಿಯೂ ಇಲ್ಲ. 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ಒಂದು ಸಿಎಜಿ ವರದಿ ದಕ್ಷಿಣ ಭಾರತದ 41 ಟೋಲ್ ಪ್ಲಾಜಾಗಳನ್ನು ಪರಿಶೀಲಿಸಿತು. 2017-18ರಿಂದ 2020-21ರವರೆಗಿನ ಲೆಕ್ಕ. ನಿಯಮ ಹೀಗಿದೆ: ಇರುವ ಚತುಷ್ಪಥ ರಸ್ತೆಯನ್ನು ಷಟ್ಪಥ ಮಾಡುವಾಗ ಕೆಲಸ ಗಡುವು ದಾಟಿದರೆ, ತಡವಾದ ಆ ಅವಧಿಗೆ ಟೋಲ್ ವಸೂಲಿ ಮಾಡುವ ಹಾಗಿಲ್ಲ. 2013ರಲ್ಲಿ ತಿದ್ದುಪಡಿಯಾಗಿ ಬಂದ ನಿಯಮ ಇದು. ಆದರೆ ಮೂರು ಪ್ಲಾಜಾಗಳಲ್ಲಿ ವಸೂಲಿ ನಿಲ್ಲಲಿಲ್ಲ ಅಂತ ವರದಿ ಹೇಳಿತು. ಒಂದು ಆಂಧ್ರದ ನಾಥವಲಸ. ಉಳಿದೆರಡು ನಮ್ಮವೇ: ಚಳಗೇರಿ ಮತ್ತು ಹೆಬ್ಬಾಳು. ರಾಣೆಬೆನ್ನೂರು, ದಾವಣಗೆರೆ ಕಡೆ ಓಡಾಡುವವರಿಗೆ ಪುಣೆ–ಬೆಂಗಳೂರು ಹೆದ್ದಾರಿಯ ಈ ಎರಡೂ ಹೆಸರು ಬಾಯಿಪಾಠ. ಈ ಮೂರರಿಂದ ಹೀಗೆ ವಸೂಲಾದದ್ದು 124.18 ಕೋಟಿ ರೂಪಾಯಿ. ಬೇರೆ ಪ್ಲಾಜಾಗಳಲ್ಲಿ ಕಂಡ ಉಲ್ಲಂಘನೆಗಳನ್ನೂ ಸೇರಿಸಿದರೆ, ನಿಯಮ ಮೀರಿ ವಾಹನದವರ ಮೇಲೆ ಬಿದ್ದ ಹೊರೆ ಇನ್ನೂ ಜಾಸ್ತಿ.

ಈಗ ನಿಮ್ಮ ಪ್ರಶ್ನೆ: ಆಮೇಲೆ ಏನಾಯಿತು? ಸಿಎಜಿಗೆ ದುಡ್ಡು ವಾಪಸ್ ಕೊಡಿಸುವ ಅಧಿಕಾರ ಇಲ್ಲ. ಯಾರನ್ನೂ ಶಿಕ್ಷಿಸುವ ಅಧಿಕಾರವೂ ಇಲ್ಲ. ಲೆಕ್ಕ ನೋಡಿ, ತಪ್ಪು ಕಂಡರೆ ಬರೆದು, ಸಂಸತ್ತಿನ ಮೇಜಿನ ಮೇಲೆ ಇಡುವಲ್ಲಿಗೆ ಅವರ ಕೆಲಸ ಮುಗಿಯಿತು. ಅಲ್ಲಿಂದ ಲೆಕ್ಕಪತ್ರ ಸಮಿತಿಯ ಸರದಿ. 22 ಸದಸ್ಯರು, ಲೋಕಸಭೆಯ 15, ರಾಜ್ಯಸಭೆಯ 7. 1967ರಿಂದ ವಿರೋಧ ಪಕ್ಷದವರನ್ನೇ ಇದಕ್ಕೆ ಅಧ್ಯಕ್ಷರನ್ನಾಗಿ ಮಾಡುವ ಪದ್ಧತಿ ಬೆಳೆದಿದೆ. ನಮ್ಮ ಮಲ್ಲಿಕಾರ್ಜುನ ಖರ್ಗೆಯವರು 2013–14ರಲ್ಲಿ ರೈಲ್ವೆ ಮಂತ್ರಿಯಾಗಿದ್ದರು, ಕೆಲವು ವರ್ಷಗಳ ನಂತರ ಇದೇ ಸಮಿತಿಯ ಅಧ್ಯಕ್ಷರಾದರು. ಲೆಕ್ಕ ಕೊಡುವ ಕುರ್ಚಿ, ಕೇಳುವ ಕುರ್ಚಿ ಎರಡರಲ್ಲೂ ಕೂತವರು.

ವರ್ಷಕ್ಕೆ ಬರುವ ಆಡಿಟ್ ಆಕ್ಷೇಪಗಳು ರಾಶಿ ರಾಶಿ. ಸಮಿತಿ ಆರಿಸಿಕೊಂಡು ವಿಚಾರಣೆ ಮಾಡುವುದು ಕೆಲವನ್ನೇ. ಉಳಿದವಕ್ಕೆ ಸಚಿವಾಲಯ 4 ತಿಂಗಳೊಳಗೆ 'ಕ್ರಮ ಕೈಗೊಂಡ ಟಿಪ್ಪಣಿ' ಕಳಿಸಬೇಕು. ಅದನ್ನು ಆಡಿಟ್‌ನವರು ಮತ್ತೆ ನೋಡುತ್ತಾರೆ. ಸುದ್ದಿ ಎರಡು ದಿನಕ್ಕೆ ಮುಗಿದರೂ ಕಡತ ಮುಗಿಯುವುದಿಲ್ಲ ಅನ್ನುವುದು ಇದಕ್ಕೇ. ಬರೀ ಕಾಗದದ ಓಡಾಟ ಅಂತ ನಗಬೇಡಿ. 'ಈ ನಿಯಮ ಇದ್ದೂ ಯಾಕೆ ಪಾಲಿಸಲಿಲ್ಲ' ಅಂತ ಲಿಖಿತವಾಗಿ ಕೇಳಿದ ಪ್ರಶ್ನೆಗೆ ಲಿಖಿತವಾಗಿ ಉತ್ತರ ಕೊಡುವ ಅಧಿಕಾರಿಗೆ, ಅದು ಸದನದ ಹತ್ತು ಭಾಷಣಕ್ಕಿಂತ ಹೆಚ್ಚು ಬಿಸಿ ಮುಟ್ಟಿಸುತ್ತದೆ.

ಟೋಲ್ ವಿಷಯವನ್ನು ಈ ಸಮಿತಿ ಕೈಗೆತ್ತಿಕೊಂಡಿದೆ ಕೂಡ. 2025ರ ಆಗಸ್ಟಿನಲ್ಲಿ ಕೆ.ಸಿ. ವೇಣುಗೋಪಾಲ್ ಅಧ್ಯಕ್ಷತೆಯ ಸಮಿತಿ ಒಂದು ವರದಿ ಕೊಟ್ಟಿತು. ರಸ್ತೆಯ ವೆಚ್ಚ ವಸೂಲಾದ ಮೇಲೂ ಕೊನೆಯಿಲ್ಲದೆ ಟೋಲ್ ಎತ್ತುವುದು ಸರಿಯಲ್ಲ ಅಂದಿತು. ಕಾಮಗಾರಿಯಿಂದ ರಸ್ತೆ ಸರಿಯಾಗಿ ಬಳಕೆಗೆ ಸಿಗದಿದ್ದಾಗ ಕಟ್ಟಿದ ಹಣ ವಾಪಸ್ ಕೊಡುವ ವ್ಯವಸ್ಥೆ ಬೇಕು ಅಂತಲೂ ಹೇಳಿತು. ನಿಮ್ಮ ದೂರು ಇದೇ ಅಲ್ವಾ?

ಆದರೆ ಅದು ಶಿಫಾರಸು. ಸರ್ಕಾರ ಒಪ್ಪಬಹುದು, ಬಿಡಬಹುದು, 'ಪರಿಶೀಲಿಸುತ್ತಿದ್ದೇವೆ' ಅಂತ ವರ್ಷಗಟ್ಟಲೆ ಕೂರಬಹುದು. ಅದೇ ಆಗಸ್ಟಿನಲ್ಲಿ ಪಕ್ಕದ ಕೇರಳದಲ್ಲಿ ಏನಾಯಿತು ನೋಡಿ. ತ್ರಿಶೂರ್ ಜಿಲ್ಲೆಯ ಪಾಲಿಯೆಕ್ಕರ ಟೋಲನ್ನು ರಸ್ತೆಯ ದುಃಸ್ಥಿತಿಯ ಕಾರಣಕ್ಕೆ ಹೈಕೋರ್ಟ್ ನಿಲ್ಲಿಸಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲು ಒಪ್ಪಲಿಲ್ಲ. ಗೇಟು ಎತ್ತಿಸಿದ್ದು ಕೋರ್ಟು. ಸಂಸತ್ತಿನ ಸಮಿತಿಗೆ ಆ ಶಕ್ತಿ ಇಲ್ಲ. ಇರಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಆದರೆ ಶಿಫಾರಸನ್ನು ಒಪ್ಪದಿದ್ದರೆ ಯಾಕೆ ಅಂತ ಮಂತ್ರಿಯೇ ಸದನದಲ್ಲಿ ನಿಂತು ಹೇಳುವ ನಿಯಮ ಬೇಕು.

ಸಿಎಜಿ ಹೇಳಿದ್ದೆಲ್ಲ ವೇದವಾಕ್ಯ ಅಂತಲೂ ತಿಳಿಯಬೇಡಿ. ದೆಹಲಿ–ಗುರುಗ್ರಾಮದ ದ್ವಾರಕಾ ಎಕ್ಸ್‌ಪ್ರೆಸ್‌ವೇ ಗಲಾಟೆ ನೆನಪಿದೆಯಾ? ಸಂಪುಟ ಸಮಿತಿ ಒಪ್ಪಿದ್ದು ಕಿಲೋಮೀಟರಿಗೆ 18.20 ಕೋಟಿ, ಮಂಜೂರಾಗಿದ್ದು 250.77 ಕೋಟಿ ಅಂತ 2023ರ ಇನ್ನೊಂದು ಸಿಎಜಿ ವರದಿ ಹೇಳಿತು. ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಎಂಟು ಪಥದ ಮೇಲ್ಸೇತುವೆ, ಸುರಂಗ ಇರುವ ರಸ್ತೆಯನ್ನು ಸಾಧಾರಣ ರಸ್ತೆಯ ಸರಾಸರಿಗೆ ಹೋಲಿಸಿದ್ದೀರಿ ಅಂತ ಸಚಿವಾಲಯ ತಿರುಗಿ ಹೇಳಿತು. ಆ ಉತ್ತರದಲ್ಲಿ ಹುರುಳಿದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ ವರದಿಯ ಸಪ್ಪೆ ಭಾಗ. ಕೇಂದ್ರದ ಹೆದ್ದಾರಿ ಯೋಜನೆಯಾದ ಭಾರತ್‌ಮಾಲಾದ ಮೊದಲ ಹಂತಕ್ಕೆ 2017ರಲ್ಲಿ ಒಪ್ಪಿದ್ದು 34,800 ಕಿಲೋಮೀಟರಿಗೆ 5.35 ಲಕ್ಷ ಕೋಟಿ. 2023ರ ಮಾರ್ಚ್ ಹೊತ್ತಿಗೆ 26,316 ಕಿಲೋಮೀಟರಿಗೇ ಮಂಜೂರಾದ ಮೊತ್ತ 8.46 ಲಕ್ಷ ಕೋಟಿ. ಕಮ್ಮಿ ರಸ್ತೆ, ಜಾಸ್ತಿ ದುಡ್ಡು. ಈ ಅಂಕಿಯ ಮೇಲೆ ಯಾರೂ ಮೀಮ್ ಮಾಡಲಿಲ್ಲ.

ರೈಲಿನ ಬಗ್ಗೆಯೂ ಕೇಳಿದ್ದೀರಿ. ಇಲ್ಲಿ ನನಗೆ ನಿಜಕ್ಕೂ ಕಾಡುವ ವಿಷಯ ಒಂದಿದೆ.

2017-18ರಲ್ಲಿ ರೈಲ್ವೆ ಸುರಕ್ಷತೆಗೆ ಅಂತಲೇ ಒಂದು ನಿಧಿ ಮಾಡಿದರು. ಐದು ವರ್ಷಕ್ಕೆ 1 ಲಕ್ಷ ಕೋಟಿ. ಅದರಲ್ಲಿ ವರ್ಷಕ್ಕೆ 5,000 ಕೋಟಿಯನ್ನು ರೈಲ್ವೆ ತನ್ನ ಸಂಪಾದನೆಯಿಂದ ಹಾಕಬೇಕಿತ್ತು. ರೈಲು ಹಳಿ ತಪ್ಪುವ ಅಪಘಾತಗಳ ಕುರಿತ ಸಿಎಜಿ ವರದಿ 2022ರ ಡಿಸೆಂಬರಿನಲ್ಲಿ ಬಂತು. ನಾಲ್ಕು ವರ್ಷದಲ್ಲಿ ಹಾಕಬೇಕಿದ್ದ 20,000 ಕೋಟಿಯಲ್ಲಿ 15,775 ಕೋಟಿ ಬಂದೇ ಇಲ್ಲ ಅಂತ ಅದರಲ್ಲಿತ್ತು. ಹಳಿ ನವೀಕರಣಕ್ಕೆ ಕೊಟ್ಟ ಹಣ 2018-19ರಲ್ಲಿ 9,607 ಕೋಟಿ ಇದ್ದದ್ದು ಮರುವರ್ಷ 7,417 ಕೋಟಿಗೆ ಇಳಿದಿತ್ತು. ಇನ್ನೊಂದು ಕಡೆ ಇದೇ ಸುರಕ್ಷತಾ ನಿಧಿಯಿಂದ ಪಾತ್ರೆಪಗಡ, ಪೀಠೋಪಕರಣ, ಕಾಲು ಒತ್ತುವ ಮಸಾಜ್ ಯಂತ್ರ ಕೊಂಡಿದ್ದರು.

ಆರು ತಿಂಗಳಿಗೆ, 2023ರ ಜೂನ್ 2ರಂದು, ಒಡಿಶಾದ ಬಾಲಸೋರ್ ರೈಲು ದುರಂತ. 290ಕ್ಕೂ ಹೆಚ್ಚು ಜನ ಸತ್ತರು. ಬೆಂಗಳೂರಿನಿಂದ ಹೊರಟ ಹೌರಾ ರೈಲೂ ಅದರಲ್ಲಿ ಸಿಕ್ಕಿಕೊಂಡಿತ್ತು. ಕೂಡಲೇ ಎಲ್ಲರೂ ಸಿಎಜಿ ವರದಿ ಎತ್ತಿ ತೋರಿಸಿದರು, 'ನೋಡಿ, ಮೊದಲೇ ಹೇಳಿದ್ದರು' ಅಂತ. ಆದರೆ ಆ ವರದಿಯ ಹೆಚ್ಚಿನ ಮಾತು ಹಳಿಯ ಬಗ್ಗೆ, ನಿಧಿಯ ಬಗ್ಗೆ. ಬಾಲಸೋರಿನಲ್ಲಿ ತಪ್ಪಿದ್ದು ಸಿಗ್ನಲ್ ವೈರಿಂಗ್. ಅದಕ್ಕೆ ಹತ್ತಿರದ ಎಚ್ಚರಿಕೆ ಬೇರೆ ಕಡೆ ಇತ್ತು, ಅದೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ. 2023ರ ಫೆಬ್ರುವರಿ 8ರಂದು ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಒಂದು ದಾರಿ ತೋರಿಸುತ್ತಿತ್ತು, ಹಳಿ ಬದಲಿಸುವ ಪಾಯಿಂಟ್ ಇನ್ನೊಂದು ದಾರಿಗೆ ತಿರುಗಿತ್ತು. ಆ ದಾರಿಯಲ್ಲಿ ಗೂಡ್ಸ್ ರೈಲು. ಲೋಕೋ ಪೈಲಟ್ ಗಮನಿಸಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಪತ್ರ ಬರೆದರು. ವ್ಯವಸ್ಥೆಯಲ್ಲಿ ಗಂಭೀರ ದೋಷ ಇದೆ, ಸರಿಪಡಿಸದಿದ್ದರೆ ದೊಡ್ಡ ಅಪಘಾತ ಆಗಬಹುದು ಅಂತ ಎಚ್ಚರಿಸಿದರು. ನಾಲ್ಕು ತಿಂಗಳೂ ಕಳೆಯಲಿಲ್ಲ.

ಇಂಥ ಪತ್ರ ತಾನಾಗಿ ಯಾವ ಸಮಿತಿಯ ಮೇಜಿಗೂ ಬರುವುದಿಲ್ಲ. ಸಂಸತ್ತು ನೋಡುವುದು ಎಷ್ಟು ಕೋಟಿ ಕೊಟ್ಟೆವು, ಎಷ್ಟು ಖರ್ಚಾಯಿತು ಅಂತ. ಪಾತ್ರೆ ಕೊಂಡದ್ದು ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ಅದಕ್ಕೆ ಬಿಲ್ಲು ಇದೆ. ತಪ್ಪು ವೈರಿಗೆ ಬಿಲ್ಲು ಇಲ್ಲ. 'ಕಳೆದ ಒಂದು ವರ್ಷದಲ್ಲಿ ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳು ಎಷ್ಟು, ಅವುಗಳ ಬಗ್ಗೆ ಬಂದ ಪತ್ರಗಳು ಯಾವುವು' ಅಂತ ಯಾರಾದರೂ ಸದಸ್ಯರು ಹೆಸರಿಟ್ಟು ಕೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ.

ಆದ್ದರಿಂದ ಕೊನೆಯದಾಗಿ ಪ್ರಶ್ನೆ ಕೇಳುವ ವಿಷಯ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಮಂತ್ರಿ ಬಾಯಿಮಾತಿನಲ್ಲಿ ಉತ್ತರ ಕೊಡಬೇಕು. 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಟೀವಿಯಲ್ಲಿ ಕಾಣುವುದು ಮೊದಲನೆಯದು, ನಿಮಗೆ ಉಪಯೋಗ ಎರಡನೆಯದು. ಸದನ ಗಲಾಟೆಯಲ್ಲಿ ಮುಳುಗಿದ ದಿನವೂ ಲಿಖಿತ ಉತ್ತರ ಬಂದೇ ಬರುತ್ತದೆ. ಅಲ್ಲಿ ಮಂತ್ರಿ 'ಮಾಡುತ್ತೇವೆ' ಅಂದಿದ್ದರೆ ಅದನ್ನು 3 ತಿಂಗಳಲ್ಲಿ ಈಡೇರಿಸಬೇಕು. ಬೆನ್ನು ಹತ್ತುವುದಕ್ಕೆ ಭರವಸೆಗಳ ಸಮಿತಿ ಅಂತಲೇ ಒಂದಿದೆ.

ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ಆದರೆ 'ರಸ್ತೆ ಕೆಲಸ ಯಾವಾಗ ಮುಗಿಯುತ್ತೆ' ಅಂತ ಮಾತ್ರ ಕೇಳಿಸಬೇಡಿ. ಅದಕ್ಕೆ ಸಿದ್ಧ ಉತ್ತರ ಇದೆ. ರಾಜ್ಯ ಸರ್ಕಾರದ ಭೂಸ್ವಾಧೀನ, ಅರಣ್ಯ ಅನುಮತಿ, ಹವಾಮಾನ ಇತ್ಯಾದಿಗಳ ಮೇಲೆ ಅವಲಂಬಿಸಿರುವುದರಿಂದ ನಿಖರ ದಿನಾಂಕ ಹೇಳಲಾಗದು. ಹೆಚ್ಚುಕಡಿಮೆ ಇದೇ ಧಾಟಿಯ ಉತ್ತರವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಟ್ಟಿಲ್ಲ. ಹೀಗೆ ಕೇಳಿಸಿ: ಇಂಥ ಟೋಲ್ ಪ್ಲಾಜಾದ ವ್ಯಾಪ್ತಿಯ ಗುತ್ತಿಗೆ ಮುಗಿಯಬೇಕಿದ್ದ ದಿನಾಂಕ ಯಾವುದು? ಆ ದಿನಾಂಕದ ನಂತರ ತಿಂಗಳುವಾರು ವಸೂಲಾದ ಟೋಲ್ ಎಷ್ಟು? 2013ರ ತಿದ್ದುಪಡಿ ನಿಯಮ ಅದಕ್ಕೆ ಅನ್ವಯಿಸುತ್ತದೆಯೇ, ಇಲ್ಲದಿದ್ದರೆ ಯಾವ ಆದೇಶದ ಮೇಲೆ? ಸಿಎಜಿ ಆಕ್ಷೇಪಕ್ಕೆ ಸಚಿವಾಲಯ ಕಳಿಸಿದ ಟಿಪ್ಪಣಿಯ ದಿನಾಂಕ ಮತ್ತು ಸಾರಾಂಶ ಏನು? ಇದಕ್ಕೆ 'ಹವಾಮಾನ' ಅಂತ ಉತ್ತರ ಕೊಡಲು ಬರುವುದಿಲ್ಲ.

ಪ್ರಶ್ನೆಗೆ ಕನಿಷ್ಠ 15 ದಿನದ ನೋಟಿಸ್ ಬೇಕು. ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ತಕ್ಷಣ ಪತ್ರ ತಲುಪಿಸಿ, ಸಾಧ್ಯವಾದರೆ ಅವರ ಆಪ್ತ ಸಹಾಯಕರ ಕೈಗೇ ಕೊಡಿ. ಉತ್ತರ ಬಂದ ದಿನವೇ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. ತೆರೆದಾಗ ಮೊದಲು ಕೊನೆಯ ಪುಟಕ್ಕೆ ಹೋಗಿ, ಅಲ್ಲಿ ಅನುಬಂಧ ಅಂತ ಒಂದು ಕೋಷ್ಟಕ ಇರುತ್ತದೆ. ನೀವು ಕೇಳಿದ ಅಂಕಿ ಇದ್ದರೆ ಅದರಲ್ಲೇ ಇರುತ್ತದೆ.